ವಿಳಾಸದ ಸ್ಥಾನನಿರ್ಣಯ: ಬ್ರಿಟಿಷ್ ಪೋಸ್ಟ್‌ಕೋಡಿನ ಪ್ರಕರಣ

ಟಪಾಲು ವಿಳಾಸವನ್ನು ಅಕ್ಷಾಂಶ ರೇಖಾಂಶಗಳಿಗೆ ಪರಿವರ್ತಿಸಿ ಭೂಪಟದ ಮೇಲೆ ಗುರುತಿಸುವ ಕ್ರಮವು ಇತಿಹಾಸ ಸಂಶೋಧನೆಯಲ್ಲಿಯೂ ಬಳಕೆಗೆ ಬಂದಿದೆ. ಹೀಗೆ ದೊರೆತ ಬಿಂದು ಎಷ್ಟು ನಂಬಲರ್ಹವಾದುದು, ಅದು ಯಾರ ಸ್ವತ್ತು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಚಾರಿಸುವುದು ವಾಡಿಕೆ. ಬ್ರಿಟನ್ನಿನ ಪ್ರಕರಣದಲ್ಲಾದರೋ ಅವು ಒಂದರೊಡನೊಂದು ಹೆಣೆದುಕೊಂಡಿವೆ.

1959ರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಅರ್ನೆಸ್ಟ್ ಮಾರ್ಪಲ್ಸ್ ಅವರ ಕಾಲದಲ್ಲಿ ನಾರಿಚ್ ನಗರದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಸಂಕೇತಪದ್ಧತಿಯು 1974ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿತು. ಕಾಗದಗಳನ್ನು ಯಂತ್ರದಿಂದ ವಿಂಗಡಿಸುವುದು ಅದರ ಉದ್ದೇಶವಾಗಿತ್ತೇ ಹೊರತು ಮನೆಗಳ ಸ್ಥಾನವನ್ನು ಅಳೆಯುವುದಲ್ಲ. ಒಂದು ಸಂಕೇತಕ್ಕೆ ಸರಾಸರಿ 15 ವಿಳಾಸಗಳು. ಕೆಲವಕ್ಕೆ 100ರವರೆಗೂ ಉಂಟು. (ನಮ್ಮಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡು ಇನ್ನೂ ಸ್ಥೂಲವಾದುದು, ಅದು ಬಟವಾಡೆ ಅಂಚೆ ಕಛೇರಿಯನ್ನು ಸೂಚಿಸುತ್ತದೆ, ಬೀದಿಯನ್ನಲ್ಲ.) ಆ ವಿಳಾಸಗಳ ಸರಾಸರಿ ಸ್ಥಾನಕ್ಕೆ ಅತಿ ಸಮೀಪದ ಒಂದು ಮನೆಯ ಮೇಲೆ ಸಂಕೇತದ ಬಿಂದುವನ್ನು ಇಡಲಾಗುತ್ತದೆ. ಅಂಕಿಗಳು ಮೀಟರಿನವರೆಗೂ ಇರುವುದರಿಂದ, ಸೂಕ್ಷ್ಮವಾದುದೆಲ್ಲ ನಿಖರವಾದುದೆಂಬ ಭ್ರಮೆ ಓದುವವನಿಗೆ ಉಂಟಾಗುತ್ತದೆ. ಮನೆಗಳು ಚದರಿರುವ ಹಳ್ಳಿಗಾಡಿನಲ್ಲಿ ಬಿಂದುವಿಗೂ ಮನೆಗೂ ಬಹಳ ಅಂತರವಿರಬಹುದು. ಇತಿಹಾಸಕಾರನಿಗೆ ಇನ್ನೂ ಒಂದು ತೊಡಕು: ಅಂಚೆಯ ವಿಳಾಸಕಡತವು ಸದ್ಯದ ಬಟವಾಡೆಯ ಸ್ಥಳಗಳಿಗಾಗಿ ರಚಿತವಾದುದು; ಕೆಡವಿಹಾಕಿದ ಬೀದಿಯನ್ನು ಅಲ್ಲಿ ಹುಡುಕುವುದು ವ್ಯರ್ಥ.

ಈ ದೋಷಗಳನ್ನು ಪರೀಕ್ಷಿಸಬೇಕಾದರೆ ಮೂಲಪಟ್ಟಿ ಕೈಗೆ ಸಿಗಬೇಕಷ್ಟೆ. ಪಟ್ಟಿಯಾದರೋ ರಾಯಲ್ ಮೇಲ್ ಸಂಸ್ಥೆಯು ಶುಲ್ಕಕ್ಕೆ ಪರವಾನಗಿ ಕೊಡುವ ಸ್ವತ್ತಾಗಿತ್ತು. ಮಾರ್ಪಲ್ಸರ ಹೆಸರನ್ನೇ ಇಟ್ಟುಕೊಂಡು ಸಂಕೇತಗಳ ಸ್ಥಾನವನ್ನು ಉಚಿತವಾಗಿ ಒದಗಿಸುತ್ತಿದ್ದ ಅಂತರ್ಜಾಲದ ಸೇವೆಯೊಂದು 2009ರಲ್ಲಿ ಆ ಸಂಸ್ಥೆಯ ವಕೀಲರ ಪತ್ರದಿಂದಾಗಿ ನಿಂತುಹೋಯಿತು. ಭೂಮಾಪನ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯೂ ತನ್ನ ನಕ್ಷೆಯಿಂದ ಎತ್ತಿಕೊಂಡ ಸ್ಥಾನಗಳ ಮೇಲೆ ಹಕ್ಕು ಸಾಧಿಸುತ್ತಿತ್ತು. ಹೀಗಾಗಿ, ವರ್ಷಗಟ್ಟಲೆ ದುಡಿದು ಬಿಂದುಗಳನ್ನು ಗುರುತಿಸಿದ ವಿದ್ವಾಂಸನು ಅವನ್ನು ಪ್ರಕಟಿಸಲು ಪರರ ಅನುಮತಿಯನ್ನು ಕಾಯಬೇಕಾಗುತ್ತಿತ್ತು. ಪ್ರಕಟವಾಗದ ಬಿಂದುವನ್ನು ತಿದ್ದುವವರಾರು?

2010ರ ಏಪ್ರಿಲಿನಲ್ಲಿ ಆರ್ಡ್‌ನೆನ್ಸ್ ಸರ್ವೆಯು ಸಂಕೇತಗಳ ಬಿಂದುಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಉತ್ತರ ಐರ್ಲೆಂಡು ಅದರಲ್ಲಿ ಸೇರಲಿಲ್ಲ. ಮನೆಮನೆಯ ವಿಳಾಸಕಡತವು ಮಾತ್ರ 2013ರಲ್ಲಿ ರಾಯಲ್ ಮೇಲ್ ಖಾಸಗೀಕರಣವಾದಾಗ ಸಂಸ್ಥೆಯ ಜೊತೆಯಲ್ಲೇ ಪರಭಾರೆಯಾಯಿತು. ಹಾಗೆ ಮಾರಿದುದು ತಪ್ಪೆಂದು ಕಾಮನ್ಸ್ ಸಭೆಯ ಸಮಿತಿಯು 2014ರ ಮಾರ್ಚಿನಲ್ಲಿ ವರದಿ ಮಾಡಿತು. ಅಷ್ಟುಹೊತ್ತಿಗೆ ಷೇರುಗಳು ಮಾರಾಟವಾಗಿದ್ದವು.