ಎರೆಭೂಮಿಯ ಅಂಬಾಸಿಡರ್

ರಾಯಚೂರು ಜಿಲ್ಲೆ 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದ ಮರುವರ್ಷ, ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪನಿಯು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿದ ಅಂಬಾಸಿಡರ್ ಕಾರಿನ ತಯಾರಿಕೆಗೆ ತೊಡಗಿತು. ಯಾವ ಕಾರ್ಖಾನೆ ಎಷ್ಟು ವಾಹನ ತಯಾರಿಸಬೇಕೆಂಬುದನ್ನು ಸರ್ಕಾರವೇ ನಿಗದಿ ಮಾಡುತ್ತಿದ್ದ ಆ ಲೈಸೆನ್ಸ್ ಕಾಲದಲ್ಲಿ ಅಂಬಾಸಿಡರ್, ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಫಿಯಟ್ ಮತ್ತು ಸ್ಟ್ಯಾಂಡರ್ಡ್ ಹೊರತು ಕುಟುಂಬಗಳಿಗೆ ಬೇರೆ ಆಯ್ಕೆ ಇರಲಿಲ್ಲವೆಂದೇ ಹೇಳಬೇಕು. ಹಣ ಕಟ್ಟಿದವರೂ ವರ್ಷಗಟ್ಟಲೆ ಸರದಿಗಾಗಿ ಕಾಯುತ್ತಿದ್ದರು.

ರಾಯಚೂರಿಗೆ 1871ರಲ್ಲೇ ರೈಲು ಬಂದರೂ ಅದೇ ಜಿಲ್ಲೆಯ ದೇವದುರ್ಗ ಇಂದಿಗೂ ರಸ್ತೆಯನ್ನೇ ನಂಬಿರುವ ತಾಲೂಕು ಕೇಂದ್ರ. ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಂಡು ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಭೂಮಿಯ ದಾರಿಗಳಿಗೆ, ಹದಿನೈದು ಇಂಚಿನ ಗಾಲಿ, ನೆಲದಿಂದ ಎತ್ತರಕ್ಕಿದ್ದ ತಳ ಮತ್ತು ಹಿಂದಿನ ಅಚ್ಚನ್ನು ಹೊರುವ ಕಮಾನುಪಟ್ಟಿ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಬಹಳ ಒಪ್ಪುವಂಥವು. ಆದರೆ ಈ ಕಾರನ್ನು ಉಳಿಸಿದ್ದು ಅದರ ಗಟ್ಟಿತನಕ್ಕಿಂತ ಹೆಚ್ಚಾಗಿ ಅದನ್ನು ರಿಪೇರಿ ಮಾಡುವುದರಲ್ಲಿದ್ದ ಸುಲಭತೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಬದಿಗೆ ಕೈಯಾಡುವಷ್ಟು ಜಾಗವಿತ್ತು. ಕಿಡಿ ಹಾರಿಸುವ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟು ಕಪ್ಪಾದಾಗ ಮಿಸ್ತ್ರಿ ಉಪ್ಪುಕಾಗದದಿಂದ ಅದನ್ನು ತಿಕ್ಕಿ, ಅಂತರವನ್ನು ಹೊಂದಿಸಿ, ಗಾಡಿಯನ್ನು ಮತ್ತೆ ಚಾಲೂ ಮಾಡುತ್ತಿದ್ದ. ತುಂಡಾದ ಕಮಾನುಪಟ್ಟಿಗೆ ಕುಲುಮೆಯ ಕೆಲಸವೇ ಸಾಕಾಗುತ್ತಿತ್ತು.

ಅದಕ್ಕಿಂತಲೂ ಮುಖ್ಯವಾದ ರಿಪೇರಿ ಎಂಜಿನ್ನನ್ನೇ ಬದಲಾಯಿಸುವುದು. ಪೆಟ್ರೋಲ್ ತುಟ್ಟಿಯಾದಂತೆ ಕರ್ನಾಟಕದ ಅನೇಕ ಮಾಲೀಕರು 1489 ಸಿ.ಸಿ.ಯ ಮೂಲ ಪೆಟ್ರೋಲ್ ಎಂಜಿನ್ ಇಳಿಸಿ, ಮ್ಯಾಟಡಾರ್ ವ್ಯಾನಿನಂಥ ವಾಹನಗಳ ಡೀಸೆಲ್ ಎಂಜಿನ್ ಕೂರಿಸಿಕೊಂಡರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೂ ಹಳೆಯ ಗಾಡಿಗಳು ಬಾಡಿಗೆಗೆ, ಮದುವೆಗೆ, ಆಸ್ಪತ್ರೆಗೆ ಓಡುತ್ತಲೇ ಇದ್ದುದಕ್ಕೆ ಈ ಕಸುಬುಗಾರಿಕೆಯೂ ಕಾರಣ. ಅದನ್ನು ಕುಶಲ ಕಲೆಯೆಂದೇ ಗೌರವಿಸಬೇಕು.

ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಅಂದಿನಿಂದ ಈ ಕಾರಿನ ಅಳಿವು ಉಳಿವು ಗ್ಯಾರೇಜಿಗಿಂತ ಹೆಚ್ಚಾಗಿ ಕಚೇರಿಯ ಕಾಗದಪತ್ರಗಳನ್ನು ಅವಲಂಬಿಸಿದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ 600 ರೂಪಾಯಿ ಇದ್ದ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೂ, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೂ ಏರಿತು. 2021ರಲ್ಲಿ ಜಾರಿಗೆ ಬಂದ ಪರಂಪರೆಯ ವಾಹನಗಳ, ಅಂದರೆ ವಿಂಟೇಜ್ ವಾಹನಗಳ ನಿಯಮವು 50 ವರ್ಷ ದಾಟಿದವುಗಳಿಗೆ ಪ್ರತ್ಯೇಕ ನೋಂದಣಿ ನೀಡುತ್ತದೆಯಾದರೂ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂದು ವಿಧಿಸುತ್ತದೆ ಮತ್ತು ಅಂಥ ವಾಹನದ ನಿತ್ಯಬಳಕೆಯನ್ನು ನಿಷೇಧಿಸುತ್ತದೆ. ಹೀಗಾಗಿ ಷೆಡ್ಡಿನಲ್ಲಿ ಮುಚ್ಚಿಟ್ಟ ಕಾರಿಗೆ ಸಿಗುವ ಮನ್ನಣೆ, ಡೀಸೆಲ್ ಎಂಜಿನ್ ಹೊತ್ತು ದಶಕಗಳ ಕಾಲ ಜನರಿಗಾಗಿ ದುಡಿದ ಕಾರಿಗೆ ದೊರೆಯುವುದಿಲ್ಲ, ಇದು ನ್ಯಾಯವಲ್ಲ. ಎಂಜಿನ್ ಬದಲಾಗದೆ ಉಳಿದ 1985ರ ಅಂಬಾಸಿಡರ್ ಕೂಡ ಈ ಮನ್ನಣೆಗೆ 2035ರವರೆಗೆ ಕಾಯಬೇಕು, ಅಲ್ಲಿಯವರೆಗೆ ದೇವದುರ್ಗದ ಮಾಲೀಕರು ನವೀಕರಣಕ್ಕಾಗಿ ರಾಯಚೂರಿನ ಆರ್‌ಟಿಓ ಕಚೇರಿಗೆ ಎಡತಾಕಲೇಬೇಕು.