ಅಟ್ಟ ಮನೆಯಾದ ಕಥೆ

ನುಗ್ಗೇಹಳ್ಳಿ ಕಡೆಯವರಿಗೆ ಅಟ್ಟ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚನ್ನರಾಯಪಟ್ಟಣ, ಅರಸೀಕೆರೆ, ತಿಪಟೂರು ಸೀಮೆಯ ಬೆಳೆಗಾರರು ಸುಲಿಯದ ತೆಂಗಿನಕಾಯಿಗಳನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಎಂದಾಗ ಉಂಡೆ ಕೊಬ್ಬರಿ ಸಿದ್ಧ. ಇಂಗ್ಲಿಷಿನ 'ಲಾಫ್ಟ್' ಕೂಡ ಹೆಚ್ಚುಕಡಿಮೆ ಇಂಥದ್ದೇ: ಸರಕು ಪೇರಿಸುವ, ಕೆಲಸ ಮಾಡುವ ಮೇಲಂತಸ್ತು. ಅದು ಸಿರಿವಂತರ ಮನೆಯ ಹೆಸರಾದದ್ದು ನ್ಯೂಯಾರ್ಕಿನಲ್ಲಿ.

ಆ ನಗರದ ಸೋಹೊ ಬಡಾವಣೆಯಲ್ಲಿ 19ನೇ ಶತಮಾನದ ಎರಕದ ಕಬ್ಬಿಣದ ಮುಖದ ಕಟ್ಟಡಗಳು ಸಾಲುಸಾಲಾಗಿದ್ದವು. ಐದಾರು ಅಂತಸ್ತು, ದೊಡ್ಡ ಕಿಟಕಿ, ಒಳಗೆ ಗೋಡೆಗಳಿಲ್ಲದ ವಿಶಾಲ ಹಜಾರ. ಎರಡನೇ ಮಹಾಯುದ್ಧದ ನಂತರ ಸಣ್ಣ ಕೈಗಾರಿಕೆಗಳು ಅಲ್ಲಿಂದ ಕಾಲ್ತೆಗೆದವು. ದೊಡ್ಡ ಚಿತ್ರ ಬರೆಯಲು ಬೆಳಕೂ ಜಾಗವೂ ಬೇಕಿದ್ದ, ಕೈಯಲ್ಲಿ ಕಾಸಿಲ್ಲದ ಕಲಾವಿದರು ಅಲ್ಲಿ ಸೇರಿಕೊಂಡರು. ವಾಸ ಕಾನೂನಿಗೆ ವಿರುದ್ಧವಾಗಿತ್ತು. ಒಳಗೆ ಜನರಿದ್ದಾರೆಂದು ಅಗ್ನಿಶಾಮಕ ದಳಕ್ಕೆ ತಿಳಿಯಲೆಂದು 1960ರ ದಶಕದಲ್ಲಿ ಬಾಗಿಲಿಗೆ ಫಲಕ ತೂಗುಹಾಕುವ ಏರ್ಪಾಡಾಯಿತು. 1971ರಲ್ಲಿ ಕಲಾವಿದರ ವಾಸಕ್ಕೆ ಅನುಮತಿ ದೊರೆಯಿತು. 1973ರಲ್ಲಿ ಪ್ರದೇಶಕ್ಕೆ ಪಾರಂಪರಿಕ ರಕ್ಷಣೆ ಬಂತು. ಇಂಥ ಮನೆಗಳ ಬಾಡಿಗೆದಾರರ ರಕ್ಷಣೆಗೆ 1982ರಲ್ಲಿ ರಾಜ್ಯವೇ ಕಾನೂನು ಮಾಡಿತು. ಅಷ್ಟರಲ್ಲಿ ಆ ಬದುಕೇ ಫ್ಯಾಷನ್ನಾಗಿತ್ತು. ಬಾಡಿಗೆ ಏರಿತು, ಮೊದಲು ಬಂದ ಕಲಾವಿದರಲ್ಲಿ ಅನೇಕರು ಜಾಗ ಖಾಲಿ ಮಾಡಿದರು.

ನಮ್ಮ ಬೆಂಗಳೂರಿನಲ್ಲಿಯೂ ಗಿರಣಿಗಳು ಬರಿದಾದವು. ಆದರೆ ಒಳಗೆ ಯಾರೂ ಸಂಸಾರ ಹೂಡಲಿಲ್ಲ. ಮಲ್ಲೇಶ್ವರದ ರಾಜಾ ಮಿಲ್ ಮತ್ತು ಬಿನ್ನಿ ಮಿಲ್ ಎರಡೂ 1880ರ ದಶಕದವು. 1898ರ ಪ್ಲೇಗಿನ ಬಳಿಕ ರೂಪುಗೊಂಡ ಮಲ್ಲೇಶ್ವರ ಬಡಾವಣೆಗಿಂತಲೂ ರಾಜಾ ಮಿಲ್ ಹಳೆಯದು! ಅದರ ನೆಲದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. ಬಿನ್ನಿ ಮಿಲ್ಲಿನ ನೆಲದಲ್ಲಿ ಮಾಲೂ ಎತ್ತರದ ವಸತಿ ಕಟ್ಟಡಗಳೂ ಎದ್ದವು. ಮನೆಗಳೇನೋ ಬಂದವು, ಆದರೆ ಗಿರಣಿಯನ್ನು ಕೆಡವಿ.

ಇದಕ್ಕೆ ನಮ್ಮವರ ಅಭಿರುಚಿಯನ್ನಷ್ಟೇ ದೂರುವುದು ಸರಿಯಲ್ಲ. ಸೋಹೊದಲ್ಲಿ ಸಣ್ಣ ನಿವೇಶನಗಳ ಮೇಲೆ ಆಗಲೇ ಐದಾರು ಅಂತಸ್ತುಗಳಿದ್ದವು. ಕೆಡವಿದರೆ ದೊಡ್ಡ ಲಾಭವೇನೂ ಇರಲಿಲ್ಲ. ಬಟ್ಟೆ ಗಿರಣಿಯ ನೇಯ್ಗೆ ಶೆಡ್ಡುಗಳಾದರೋ ಸಾಮಾನ್ಯವಾಗಿ ನೆಲಮಟ್ಟದವು, ಗರಗಸದ ಹಲ್ಲಿನಂಥ ಚಾವಣಿಯವು, ಎಕರೆಗಟ್ಟಲೆ ಹರಡಿಕೊಂಡವು. ಇಡೀ ಜಾಗಕ್ಕೆ ಒಬ್ಬನೇ ಒಡೆಯ. ನಗರ ಬೆಳೆದು ಗಿರಣಿ ಊರ ನಡುವೆ ಬಂದಾಗ, ಕಟ್ಟಡಕ್ಕಿಂತ ಅದರಡಿಯ ಮಣ್ಣಿಗೇ ಬೆಲೆ ಹೆಚ್ಚು. ಆದರೂ ಒಂದು ಶೆಡ್ಡನ್ನು, ಒಂದು ಗೋಡೆಯನ್ನು ಉಳಿಸಿಕೊಂಡು ಹೊಸದನ್ನು ಕಟ್ಟಬಹುದಿತ್ತಲ್ಲ ಎಂದು ನನಗನ್ನಿಸುವುದುಂಟು. ಮೂರು ಪಾಳಿಯ ದುಡಿಮೆಯಿಂದ ಸಂಸಾರ ಸಾಕಿದವರು ತಮ್ಮ ಮೊಮ್ಮಕ್ಕಳಿಗೆ ಬೊಟ್ಟು ಮಾಡಿ ತೋರಿಸಲು ಏನಾದರೂ ಇರುತ್ತಿತ್ತು.

ಈಗ ನಗರಗಳಲ್ಲಿ ಹೊಸದಾಗಿ ಕಟ್ಟಿದ, ಎತ್ತರದ ಚಾವಣಿಯ ಕೆಳಗೊಂದು ಅಟ್ಟವಿರುವ ಫ್ಲ್ಯಾಟುಗಳನ್ನೂ 'ಲಾಫ್ಟ್' ಎಂದೇ ಮಾರುತ್ತಾರೆ. ಬಿನ್ನಿ ಮಿಲ್ಲಿನ ಹೆಸರು ಮಾತ್ರ ಸುತ್ತಲಿನ ಬಿನ್ನಿಪೇಟೆಯಲ್ಲಿ ಉಳಿದಿದೆ.