ಇಡೀ ಲೋಕವೇ ಕಪ್ಪುಪಟ್ಟಿಗೆ ಸೇರಿದಾಗ

2003ರ ಆಗಸ್ಟ್ ಕೊನೆಯಲ್ಲಿ ಎಷ್ಟೋ ಮೇಲ್ ಸರ್ವರ್‌ಗಳು ಬಂದ ಪತ್ರಗಳನ್ನೆಲ್ಲ ಸ್ಪ್ಯಾಮ್ ಎಂದು ವಾಪಸು ಕಳಿಸತೊಡಗಿದವು. ಸರ್ವರ್‌ಗಳೇನೂ ಕೆಟ್ಟಿರಲಿಲ್ಲ. ಅವು ನಂಬಿಕೊಂಡಿದ್ದ ಒಸಿರುಸಾಫ್ಟ್ ಎಂಬ ತಡೆಪಟ್ಟಿಯ ಮೇಲೆ ದಾಳಿ ನಡೆದಿತ್ತು. ಅದನ್ನು ನಡೆಸುತ್ತಿದ್ದಾತ ಬೇಸತ್ತು ಅಂಗಡಿ ಮುಚ್ಚಿದ. ಮುಚ್ಚುವಾಗ, ಜಗತ್ತಿನ ಯಾವ ವಿಳಾಸದ ಬಗ್ಗೆ ಕೇಳಿದರೂ 'ಪಟ್ಟಿಯಲ್ಲಿದೆ' ಎಂಬ ಉತ್ತರ ಹೋಗುವಂತೆ ಮಾಡಿಟ್ಟ.

ಈ ಪಟ್ಟಿಗಳ ಏರ್ಪಾಡು ಸರಳ. ಪತ್ರ ಬಂದಾಗ ಸರ್ವರ್, ಕಳಿಸಿದ ಯಂತ್ರದ ಐಪಿ ವಿಳಾಸದ ಅಂಕಿಗಳನ್ನು ಹಿಂದುಮುಂದಾಗಿಸಿ, ಪಟ್ಟಿಯ ಹೆಸರಿಗೆ ಜೋಡಿಸಿ ಡಿಎನ್‌ಎಸ್‌ನಲ್ಲಿ ವಿಚಾರಿಸುತ್ತದೆ. 127.0.0.2ರಂಥ ಉತ್ತರ ಬಂದರೆ ಆ ವಿಳಾಸ ಪಟ್ಟಿಯಲ್ಲಿದೆ ಎಂದರ್ಥ. 1997ರಲ್ಲಿ ಇಂಥ ಮೊದಲ ಪಟ್ಟಿ ಶುರುಮಾಡಿದ ಪಾಲ್ ವಿಕ್ಸಿಯವರ ಸಂಸ್ಥೆ 'ಮ್ಯಾಪ್ಸ್'. (ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಿರುಗಿಸಿ ಓದಿದರೆ ಸ್ಪ್ಯಾಮ್!)

ಪಟ್ಟಿಕಾರರ ಸಮರ್ಥನೆ ಮೊದಲಿನಿಂದಲೂ ಒಂದೇ: ನಾವು ಯಾರ ಪತ್ರವನ್ನೂ ತಡೆಯುವುದಿಲ್ಲ, ಅಭಿಪ್ರಾಯ ಹೇಳುತ್ತೇವೆ, ಅಷ್ಟೆ. ಮಾತು ಸುಳ್ಳಲ್ಲ. ಆದರೆ ಸಾವಿರಾರು ಸರ್ವರ್‌ಗಳು ಕಣ್ಣುಮುಚ್ಚಿ ಪಾಲಿಸುವ ಅಭಿಪ್ರಾಯ ತೀರ್ಪಿಗಿಂತ ಕಡಿಮೆಯೇನಲ್ಲ. ಅದರ ಮೇಲ್ಮನವಿ ಯಾರ ಬಳಿ?

ಇ360 ಎಂಬ ಅಮೆರಿಕದ ಮಾರ್ಕೆಟಿಂಗ್ ಕಂಪನಿ ನ್ಯಾಯಾಲಯದ ಬಾಗಿಲು ತಟ್ಟಿತು. ಅದನ್ನು ಪಟ್ಟಿಗೆ ಸೇರಿಸಿದ್ದ ಬ್ರಿಟನ್ನಿನ ಸ್ಪ್ಯಾಮ್‌ಹೌಸ್, ಅಮೆರಿಕದ ಕೋರ್ಟಿಗೆ ತನ್ನ ಮೇಲೆ ಅಧಿಕಾರವಿಲ್ಲವೆಂದು ವಾದದಿಂದ ಹಿಂದೆ ಸರಿಯಿತು. 2006ರಲ್ಲಿ ಇಲಿನಾಯ್ ಕೋರ್ಟು ಏಕಪಕ್ಷೀಯವಾಗಿ ಸುಮಾರು 1.17 ಕೋಟಿ ಡಾಲರ್ ಪರಿಹಾರ ವಿಧಿಸಿತು. ಮೇಲ್ಮನವಿಯ ನಂತರ, 2010ರಲ್ಲಿ ಅದು 27,002 ಡಾಲರಿಗೆ ಇಳಿಯಿತು. 2011ರಲ್ಲಿ ಮೇಲಿನ ಕೋರ್ಟು ಉಳಿಸಿದ್ದು ಬರೀ 3 ಡಾಲರ್. ನಷ್ಟದ ಲೆಕ್ಕವನ್ನು ನಂಬುವಂತಿರಲಿಲ್ಲ. ಸ್ಪ್ಯಾಮ್‌ಹೌಸ್ ಗೆದ್ದಿತೆಂದು ಅನೇಕರು ಹಿಗ್ಗಿದರು. ಆದರೆ ಪಟ್ಟಿಗೆ ಸೇರಿಸಿದ್ದು ಸರಿಯೇ ಎಂಬ ಮೂಲ ಪ್ರಶ್ನೆಯ ವಿಚಾರಣೆ ನಡೆಯಲೇ ಇಲ್ಲ.

ಕೋರ್ಟು ಹೇಳದ್ದನ್ನು ಕಸುಬಿನವರೇ ಬರೆದರು. 2012ರ ಜನವರಿಯ ಆರ್‌ಎಫ್‌ಸಿ 6471ರ ಪ್ರಕಾರ ಪಟ್ಟಿಗೆ ಸೇರಿಸುವ ಮಾನದಂಡ ಬಹಿರಂಗವಾಗಿರಬೇಕು. ಹೆಸರು ತೆಗೆಸಲು ದಾರಿ ಇರಬೇಕು. ಮುಚ್ಚುವ ಮುನ್ನ ಎಚ್ಚರಿಕೆ ಕೊಡಬೇಕು. ಹೆಸರು ತೆಗೆಯಲು ಶುಲ್ಕ ಕೂಡದು, ದೇಣಿಗೆಯೂ ಕೂಡದು. ಈ ಕೊನೆಯ ಮಾತಿಗೆ ಹಿನ್ನೆಲೆಯಿತ್ತು: ಸಾರ್ಬ್ಸ್ ಎಂಬ ಪಟ್ಟಿ ಒಂದು ಕಾಲಕ್ಕೆ, ಹೆಸರು ತೆಗೆಸಬೇಕಾದವರು ದತ್ತಿನಿಧಿಗೆ 50 ಡಾಲರ್ ಕೊಡಬೇಕು ಎನ್ನುತ್ತಿತ್ತು. ಹಣ ಪಟ್ಟಿಕಾರರ ಜೇಬಿಗೆ ಹೋಗದಿದ್ದರೂ ಕೊಡುವವನಿಗೆ ಅದು ವಸೂಲಿಯೇ. ಆದರೆ ಆ ದಾಖಲೆ ಮಾಹಿತಿಗಷ್ಟೆ, ಮೀರಿದವರನ್ನು ಕೇಳುವವರಿಲ್ಲ.

ಸಾರ್ಬ್ಸ್ ಕೂಡ 2024ರ ಜೂನ್‌ನಲ್ಲಿ ಮುಚ್ಚಿತು. ಆಗ ಅದರ ಒಡೆತನ ಪ್ರೂಫ್‌ಪಾಯಿಂಟ್ ಕಂಪನಿಯದು. ಈ ಸಲ ಪಟ್ಟಿಯನ್ನು ಸುಮ್ಮನೆ ಖಾಲಿ ಮಾಡಲಾಯಿತು. ಅದನ್ನು ಇನ್ನೂ ವಿಚಾರಿಸುತ್ತಿದ್ದ ಸರ್ವರ್‌ಗಳಿಗೆ ಸಿಕ್ಕಿದ ಉತ್ತರ 'ಇಲ್ಲ'.